ಖಿನ್ನತೆಯ ಮಾತ್ರೆ, ಆತಂಕದ ಮಾತ್ರೆ: ಎರಡೂ ಕೂಡಿದಾಗ

ಮುಳಬಾಗಿಲು ತಾಲ್ಲೂಕಿನ ನಂಗಲಿಯಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರ ಸಾಗಿದರೆ ಕರ್ನಾಟಕ ಮುಗಿದು ಆಂಧ್ರಪ್ರದೇಶ ಆರಂಭವಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯ ಹೆಸರೂ ಬರುತ್ತದೆ. ಅಂದಿನಿಂದಲೂ ಅದು ಗಡಿಯ ಊರು. ಗಡಿಯ ಊರಿನವರಿಗೆ ಭಾಷೆಗಳು ಎರಡು, ಸಂತೆಗಳು ಎರಡು ಇರುವಂತೆ ಆಸ್ಪತ್ರೆಗಳೂ ಹಲವು ದಿಕ್ಕಿನಲ್ಲಿರುತ್ತವೆ. ಎದೆ ಡವಡವ ಎಂದರೆ ಪಲಮನೇರು, ರಕ್ತದೊತ್ತಡಕ್ಕೆ ಮುಳಬಾಗಿಲು ಇಲ್ಲವೇ ಕೋಲಾರ, ದೊಡ್ಡ ತಪಾಸಣೆ ಎಂದರೆ ವೆಲ್ಲೂರು, ಮನಸ್ಸಿನ ಕಾಯಿಲೆ ಎಂದರೆ ಬೆಂಗಳೂರಿನ ನಿಮ್ಹಾನ್ಸ್. ಒಂದು ಕಡೆ ಔಷಧದ ಕವರಿನ ಮೇಲೆ ಕನ್ನಡದಲ್ಲಿ ಬರೆದು ಕೊಡುತ್ತಾರೆ, ಇನ್ನೊಂದು ಕಡೆ ತೆಲುಗಿನಲ್ಲಿ, ಮತ್ತೊಂದು ಕಡೆ ತಮಿಳಿನಲ್ಲಿ. ಚೀಟಿಗಳು ಬೇರೆ ಬೇರೆಯಾದರೂ ಮಾತ್ರೆಗಳು ಮನೆಯಲ್ಲಿ ಒಂದೇ ಡಬ್ಬಿಯನ್ನು ಸೇರುತ್ತವೆ.

ವಿದ್ಯಾರ್ಥಿಗಳೇ, ಈ ಲೇಖನವನ್ನು ನಿಮಗೆಂದೇ ಬರೆಯುವುದಕ್ಕೆ ಕಾರಣವಿದೆ. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯಲ್ಲಿರುವ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರು ಎಷ್ಟೋ ಮನೆಗಳಲ್ಲಿ ನೀವೊಬ್ಬರೇ. ಕಿರುತೆರೆಯ ಚರ್ಚೆಯಲ್ಲಿ ವೈದ್ಯರು ಔಷಧಗಳ ಹೆಸರು ಹೇಳಿ ಮುಗಿಸುವಷ್ಟರಲ್ಲಿ ವೇಳೆಯೂ ಮುಗಿದಿರುತ್ತದೆ. ಅಚ್ಚಿನಲ್ಲಾದರೆ ನಿಧಾನವಾಗಿ ಓದಬಹುದು, ಬೇಕಾದಾಗ ಮತ್ತೆ ತೆಗೆದು ನೋಡಬಹುದು.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದಿದೆ, ಕೊಳವೆಬಾವಿಯ ಸಾಲ ಹಾಗೆಯೇ ಇದೆ. ಮನೆಯ ತಾಯಿಗೆ ತಿಂಗಳುಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲಿಯೂ ಆಸಕ್ತಿಯಿಲ್ಲ. ವೈದ್ಯರೊಬ್ಬರು ರಾತ್ರಿ ಒಂದು ಮಾತ್ರೆ ಬರೆದುಕೊಟ್ಟರು. ಎರಡು ವಾರಗಳಾದರೂ ಪೂರ್ಣ ಗುಣ ಕಾಣಲಿಲ್ಲವೆಂದು ನೆಂಟರ ಮಾತಿನಂತೆ ಗಡಿಯಾಚೆಯ ಇನ್ನೊಬ್ಬ ವೈದ್ಯರಲ್ಲಿಗೆ ಹೋದರು. ಮೊದಲಿನ ಚೀಟಿ ಮನೆಯಲ್ಲೇ ಉಳಿದಿತ್ತು. ಅಲ್ಲಿ ಒಂದು ‘ನಿದ್ದೆ ಮಾತ್ರೆ’ ಸೇರಿತು. ಈಗ ಆಕೆ ಬೆಳಿಗ್ಗೆ ಒಂಬತ್ತಾದರೂ ಏಳುವುದಿಲ್ಲ. ಹಾಲು ಕರೆಯಲು ಹೋದಾಗ ತೂರಾಡಿದರು. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿರಲಿಲ್ಲ. ‘ಕಾಯಿಲೆ ಜಾಸ್ತಿಯಾಯಿತು’ ಎಂದು ಮನೆಯವರು ಮೂರನೆಯ ವೈದ್ಯರನ್ನು ಹುಡುಕತೊಡಗಿದರು.

ಇಲ್ಲಿ ಜಾಸ್ತಿಯಾದದ್ದು ಕಾಯಿಲೆಯಲ್ಲ. ಮೊದಲ ಮಾತ್ರೆಯ ಹಿಂಬದಿಯನ್ನು ಯಾರಾದರೂ ಓದಿದ್ದರೆ ಅದರಲ್ಲಿ ಎಸ್ಸಿಟಲೋಪ್ರಾಮ್ ಮತ್ತು ಕ್ಲೋನಜೆಪಾಮ್ ಎಂಬ ಎರಡು ಔಷಧಗಳು ಕೂಡಿವೆಯೆಂದು ತಿಳಿಯುತ್ತಿತ್ತು. ಎರಡನೆಯ ಸ್ಟ್ರಿಪ್ಪಿನಲ್ಲಿ ಆಲ್ಪ್ರಜೋಲಾಮ್ ಎಂದಿತ್ತು. ಕ್ಲೋನಜೆಪಾಮ್ ಮತ್ತು ಆಲ್ಪ್ರಜೋಲಾಮ್ ಒಂದೇ ಜಾತಿಯ ಔಷಧಗಳು. ಹೆಸರು ಬೇರೆ, ಕಂಪನಿ ಬೇರೆ, ಬಣ್ಣ ಬೇರೆ. ದೇಹಕ್ಕೆ ಮಾತ್ರ ಒಂದೇ ಪೆಟ್ಟು ಎರಡು ಸಲ ಬಿದ್ದಂತಾಯಿತು.

ಎರಡು ಔಷಧ, ಎರಡು ವೇಗ

ಖಿನ್ನತೆ ನಿವಾರಕ ಔಷಧಗಳ ಚರಿತ್ರೆ ಆರಂಭವಾಗುವುದು ಒಂದು ಆಕಸ್ಮಿಕದಿಂದ. 1950ರ ದಶಕದ ಆರಂಭದಲ್ಲಿ ಕ್ಷಯರೋಗಕ್ಕೆಂದು ಐಪ್ರೊನಯಾಜಿಡ್ ಎಂಬ ಔಷಧವನ್ನು ಅಮೆರಿಕದಲ್ಲಿ ಕೊಡುತ್ತಿದ್ದಾಗ ಕೆಲವು ರೋಗಿಗಳು ಅಸಹಜವೆನ್ನುವಷ್ಟು ಗೆಲುವಾದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕುಹ್ನ್ ಇಮಿಪ್ರಮಿನ್ ಎಂಬ ಔಷಧದ ಗುಣವನ್ನು ವರದಿ ಮಾಡಿದರು. ಅತ್ತ ಆತಂಕದ ಮಾತ್ರೆಗಳಲ್ಲಿ ಬೆಂಜೊಡಯಜೆಪಿನ್ ಗುಂಪಿನ ಮೊದಲನೆಯದು, ಲಿಯೊ ಸ್ಟರ್ನ್‌ಬಾಖ್ ಕಂಡುಹಿಡಿದ ಕ್ಲೋರ್‌ಡಯಜೆಪಾಕ್ಸೈಡ್, 1960ರಲ್ಲಿ ಮಾರುಕಟ್ಟೆಗೆ ಬಂತು. ಡಯಾಜೆಪಾಮ್ ಬಂದದ್ದು 1963ರಲ್ಲಿ.

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಖಿನ್ನತೆಯ ಔಷಧಗಳು ಫ್ಲುಯೋಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಲೋಪ್ರಾಮ್ ಮುಂತಾದವು. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಸೆರೊಟೋನಿನ್ ಎಂಬ ರಾಸಾಯನಿಕವನ್ನು ನಡುವಿನ ಸಂದಿಗೆ ಬಿಡುತ್ತದೆ. ಕೆಲಸವಾದ ಮೇಲೆ ಅದನ್ನು ತಾನೇ ಮರಳಿ ಹೀರಿಕೊಳ್ಳುತ್ತದೆ. ಈ ಔಷಧಗಳು ಹಾಗೆ ಮರಳಿ ಹೀರುವುದನ್ನು ತಡೆಯುತ್ತವೆ. ತಡೆಯುವ ಕೆಲಸ ಮೊದಲ ದಿನವೇ ಆರಂಭವಾದರೂ ಮನಸ್ಸು ತಿಳಿಯಾಗಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಬೇಕು. ಆ ಅವಧಿಯಲ್ಲಿ ಮೆದುಳು ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತಿರುತ್ತದೆ. ತೊಡಕೆಂದರೆ, ಮೊದಲ ಒಂದೆರಡು ವಾರ ಹೊಟ್ಟೆ ತೊಳಸುವುದು, ತಲೆನೋವು, ಕೆಲವರಿಗೆ ಚಡಪಡಿಕೆ ಸಹ ಉಂಟಾಗುತ್ತದೆ. ಗುಣ ಇನ್ನೂ ಕಾಣದು, ತೊಂದರೆ ಆಗಲೇ ಕಾಣುತ್ತದೆ.

ಬೆಂಜೊಡಯಜೆಪಿನ್‌ಗಳ ದಾರಿಯೇ ಬೇರೆ. ಮೆದುಳಿನಲ್ಲಿ ಗಾಬಾ ಎಂಬ ಇನ್ನೊಂದು ರಾಸಾಯನಿಕವಿದೆ. ನರಕೋಶಗಳ ಉದ್ರೇಕವನ್ನು ತಗ್ಗಿಸುವುದು ಅದರ ಕೆಲಸ. ಈ ಮಾತ್ರೆಗಳು ಗಾಬಾದ ಬಲವನ್ನು ಹೆಚ್ಚಿಸುತ್ತವೆ. ನುಂಗಿದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎದೆಬಡಿತ ಇಳಿಯುತ್ತದೆ, ಕೈ ನಡುಕ ನಿಲ್ಲುತ್ತದೆ, ಕಣ್ಣು ಎಳೆಯುತ್ತದೆ.

ಇವೆರಡನ್ನೂ ವೈದ್ಯರು ಒಟ್ಟಿಗೆ ಏಕೆ ಕೊಡುತ್ತಾರೆ ಎಂಬುದು ಈಗ ನಿಮಗೇ ಹೊಳೆದಿರಬೇಕು. ನಿಧಾನದ ಔಷಧ ಕೆಲಸ ಆರಂಭಿಸುವ ತನಕ ವೇಗದ ಔಷಧ ಊರುಗೋಲಾಗುತ್ತದೆ. ಇದು ತಪ್ಪಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯೊಂದು ಇದನ್ನೇ ಕಂಡಿತು: ಮೊದಲ ನಾಲ್ಕು ವಾರಗಳಲ್ಲಿ ಎರಡೂ ಕೂಡಿದ ಚಿಕಿತ್ಸೆ ಹೆಚ್ಚು ಉಪಯುಕ್ತ, ಅನಂತರ ಆ ಹೆಚ್ಚಳ ಉಳಿಯುವುದಿಲ್ಲ. ಆದ್ದರಿಂದ ಊರುಗೋಲನ್ನು ಕೆಲವು ವಾರಗಳಲ್ಲಿ ಮೆಲ್ಲಗೆ ಹಿಂತೆಗೆದುಕೊಳ್ಳಬೇಕು. ನಮ್ಮ ಕಡೆ ಆಗುವುದೇ ಬೇರೆ. ಹಳೆಯ ಚೀಟಿಯನ್ನೇ ತೋರಿಸಿ ಅಂಗಡಿಯಿಂದ ತಿಂಗಳು ತಿಂಗಳು ಮಾತ್ರೆ ತರುತ್ತಾ ವರ್ಷಗಳೇ ಉರುಳುತ್ತವೆ.

ಕೂಡಿದಾಗ ಏನಾಗುತ್ತದೆ?

ಎಲ್ಲಕ್ಕಿಂತ ಮೊದಲು ಕಾಣುವುದು ಮಂಪರು. ಎಸ್ಸಿಟಲೋಪ್ರಾಮ್‌ನಂಥ ಔಷಧ ಕೆಲವರಲ್ಲಿ ಸ್ವಲ್ಪ ತೂಕಡಿಕೆ ತರುತ್ತದೆ. ಕ್ಲೋನಜೆಪಾಮ್ ಸೇರಿದಾಗ ಅದು ಮರುದಿನ ಮಧ್ಯಾಹ್ನದವರೆಗೂ ಎಳೆಯಬಹುದು. ಕ್ಲೋನಜೆಪಾಮ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಹಿಡಿಯುತ್ತದೆ. ಅಂದರೆ ನಿನ್ನೆ ರಾತ್ರಿಯ ಮಾತ್ರೆ ಕಳೆಯುವ ಮೊದಲೇ ಇಂದಿನದು ಸೇರಿರುತ್ತದೆ. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ನಂಥ ಹಳೆಯ ಔಷಧಗಳ ಜೊತೆಗಾದರೆ ಮಂಪರಿನೊಡನೆ ಬಾಯಿ ಒಣಗುವುದು, ಮಲಬದ್ಧತೆ, ಎದ್ದು ನಿಂತಾಗ ತಲೆ ತಿರುಗುವುದು ಸಹ ಕೂಡಿಕೊಳ್ಳುತ್ತವೆ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆಂದು ಎದ್ದ ತಾತ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಎಲ್ಲರೂ ನೆಲದ ಜಾರಿಕೆಯನ್ನು ದೂರುತ್ತಾರೆ. ಮಾತ್ರೆಯನ್ನು ಯಾರೂ ನೆನೆಯುವುದಿಲ್ಲ.

ನೆನಪಿನ ಮೇಲಾಗುವ ಪರಿಣಾಮವನ್ನು ನೀವು ವಿಶೇಷವಾಗಿ ಗಮನಿಸಬೇಕು. ಬೆಂಜೊಡಯಜೆಪಿನ್ ತೆಗೆದುಕೊಂಡ ಬಳಿಕ ನಡೆದ ಸಂಗತಿಗಳು ನೆನಪಿನಲ್ಲಿ ಅಚ್ಚೊತ್ತುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಭಯವೆಂದು ಮನೆಯ ಹಿರಿಯರ ಡಬ್ಬಿಯಿಂದ ‘ಟೆನ್ಷನ್ ಮಾತ್ರೆ’ ತೆಗೆದು ನುಂಗುವ ವಿದ್ಯಾರ್ಥಿ, ಆಮೇಲೆ ಓದಿದ್ದನ್ನೆಲ್ಲ ನೀರಿನ ಮೇಲೆ ಬರೆದಂತೆ. ಬೆಳಿಗ್ಗೆ ಬೈಕಿನಲ್ಲಿ ಹೆದ್ದಾರಿಗೆ ಇಳಿದರಂತೂ ಅಪಾಯ ಇನ್ನೊಂದು ಬಗೆಯದು. ಲಾರಿಯ ದೀಪ ಕಂಡ ಮೇಲೆ ಬ್ರೇಕು ಒತ್ತುವ ತನಕದ ಕ್ಷಣ ಉದ್ದವಾಗಿರುತ್ತದೆ. ಆದರೆ ಸವಾರನಿಗೆ ತಾನು ಎಚ್ಚರವಾಗಿಯೇ ಇದ್ದೇನೆ ಎನಿಸುತ್ತದೆ.

ಇವು ಒಂದರ ಮೇಲೊಂದು ಕೂಡಿಕೊಳ್ಳುವ ಪರಿಣಾಮಗಳು. ಇನ್ನೊಂದು ಬಗೆಯಿದೆ, ಅಲ್ಲಿ ಒಂದು ಔಷಧ ಇನ್ನೊಂದರ ದಾರಿ ಕಟ್ಟುತ್ತದೆ. ಟೊಮೆಟೊ ಲಾರಿಗಳು ಟೋಲ್ ಗೇಟಿನಲ್ಲಿ ನಿಂತಿರುವುದನ್ನು ನೋಡಿದ್ದೀರಿ. ನಾಲ್ಕು ಗೇಟುಗಳಲ್ಲಿ ಎರಡನ್ನು ಮುಚ್ಚಿದರೆ ಲಾರಿಗಳ ಸಂಖ್ಯೆ ಹೆಚ್ಚಾಗದಿದ್ದರೂ ಸಾಲು ಬೆಳೆಯುತ್ತದೆ. ಔಷಧವನ್ನು ಒಡೆದು ಹೊರಗೆ ಕಳುಹಿಸುವ ಇಂಥ ಗೇಟುಗಳು ನಮ್ಮ ಯಕೃತ್ತಿನಲ್ಲಿರುವ ಕಿಣ್ವಗಳು. ಫ್ಲೂವಾಕ್ಸಮಿನ್ ಎಂಬ ಖಿನ್ನತೆಯ ಔಷಧ ಇವುಗಳಲ್ಲಿ ಕೆಲವನ್ನು ಬಲವಾಗಿ ಮುಚ್ಚಿಬಿಡುತ್ತದೆ. ಅದರ ಜೊತೆ ಆಲ್ಪ್ರಜೋಲಾಮ್ ತೆಗೆದುಕೊಂಡರೆ ರಕ್ತದಲ್ಲಿ ಆಲ್ಪ್ರಜೋಲಾಮ್ ಪ್ರಮಾಣ ಸುಮಾರು ಎರಡು ಪಟ್ಟಾಗುತ್ತದೆ. ನುಂಗಿದ್ದು ಒಂದೇ ಮಾತ್ರೆ, ಕೆಲಸ ಎರಡರದು. ಫ್ಲುಯೋಕ್ಸೆಟಿನ್ ಸಹ ಸ್ವಲ್ಪ ಮಟ್ಟಿಗೆ ಹೀಗೆ ಮಾಡುತ್ತದೆ; ಅದು ದೇಹದಿಂದ ಹೊರಹೋಗಲು ವಾರಗಳೇ ಹಿಡಿಯುವುದರಿಂದ ನಿಲ್ಲಿಸಿದ ಮೇಲೂ ಪರಿಣಾಮ ಉಳಿಯುತ್ತದೆ. ಎಸ್ಸಿಟಲೋಪ್ರಾಮ್‌ನಿಂದ ಈ ತೊಂದರೆ ಕಡಿಮೆ. ಲೊರಾಜೆಪಾಮ್ ಎಂಬ ಆತಂಕದ ಮಾತ್ರೆ ಬೇರೆಯೇ ದಾರಿಯಿಂದ ಹೊರಹೋಗುವುದರಿಂದ ಈ ಗೇಟುಗಳ ಗೊಡವೆ ಅದಕ್ಕಿಲ್ಲ. ‘ಪಕ್ಕದ ಮನೆಯವರೂ ಎರಡು ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರಿಗೇನೂ ಆಗಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲದಿರುವುದು ಇದಕ್ಕಾಗಿಯೇ. ಯಾವ ಎರಡು ಎಂಬುದು ಮುಖ್ಯ.

ಎರಡನ್ನೂ ಒಂದೇ ಮಾತ್ರೆಯಾಗಿ ಅಚ್ಚುಹಾಕಿ ಮಾರುವ ಪದ್ಧತಿ ನಮ್ಮ ದೇಶದಲ್ಲಿ ಬಹಳ. ಎಸ್ಸಿಟಲೋಪ್ರಾಮ್ ಜೊತೆ ಕ್ಲೋನಜೆಪಾಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಜೆಪಾಕ್ಸೈಡ್ ಹೀಗೆ. ಒಂದೇ ಮಾತ್ರೆ ನುಂಗುವುದು ಸುಲಭ ಎಂಬುದೇನೋ ನಿಜ. ಆದರೆ ಒಂದನ್ನು ತಿಂಗಳೊಳಗೆ ಇಳಿಸಬೇಕು, ಇನ್ನೊಂದನ್ನು ಕನಿಷ್ಠ ಆರೇಳು ತಿಂಗಳು ಮುಂದುವರಿಸಬೇಕು ಎಂದಿರುವಾಗ ಎರಡನ್ನೂ ಬೆಸೆದುಬಿಟ್ಟರೆ ಇಳಿಸುವುದು ಹೇಗೆ? ಈ ಲೇಖಕನಿಗೆ ಈ ಜೋಡಿ ಮಾತ್ರೆಗಳು ಒಪ್ಪಿಗೆಯಾಗಿಲ್ಲ. ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಎಂಬ ಇನ್ನೊಂದು ಜೋಡಿಯ ವಿಷಯದಲ್ಲಿ, ಅದು ಹುಟ್ಟಿದ ಡೆನ್ಮಾರ್ಕಿನಲ್ಲೇ ಮಾರಾಟಕ್ಕಿಲ್ಲ ಎಂಬ ಸಂಗತಿಯನ್ನು 2012ರಲ್ಲಿ ಸಂಸತ್ತಿನ ಸಮಿತಿಯೊಂದು ಎತ್ತಿ ತೋರಿಸಿತು; 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು, ಬಳಿಕ ವಿಷಯ ನ್ಯಾಯಾಲಯದವರೆಗೂ ಹೋಯಿತು.

ಮೂರನೆಯವರು ಬಂದಾಗ

ಇಷ್ಟು ಹೊತ್ತು ಹೇಳಿದ್ದು ಎರಡರ ಕಥೆ. ನಿಜವಾದ ಅಪಾಯ ಬಹಳಷ್ಟು ಸಲ ಮೂರನೆಯದರಿಂದ ಬರುತ್ತದೆ. ಬೆಂಜೊಡಯಜೆಪಿನ್ ಜೊತೆಗೆ ಮದ್ಯ ಸೇರಿದರೆ ಎರಡೂ ಮೆದುಳಿನ ಉಸಿರಾಟದ ಕೇಂದ್ರವನ್ನು ಮಂಕುಗೊಳಿಸುತ್ತವೆ. ಬಲವಾದ ನೋವಿನ ಔಷಧಗಳಾದ ಟ್ರಮಡಾಲ್, ಮಾರ್ಫಿನ್ ಮುಂತಾದವೂ ಹಾಗೆಯೇ. ಮಲಗಿದವರು ಉಸಿರು ನಿಧಾನವಾಗಿ ಏಳದೇ ಹೋಗಬಹುದು. ಗೊರಕೆ ಹೊಡೆಯುತ್ತಿದ್ದಾರೆ, ಮಲಗಲಿ ಎಂದು ಬಿಟ್ಟುಬಿಡುವುದು ಇಂಥ ಹೊತ್ತಿನಲ್ಲಿ ಸರಿಯಲ್ಲ.

ಟ್ರಮಡಾಲ್‌ಗೆ ಇನ್ನೊಂದು ಮುಖವೂ ಇದೆ. ಅದು ಸೆರೊಟೋನಿನ್ ಅನ್ನೂ ಹೆಚ್ಚಿಸುತ್ತದೆ. ಸೆರೊಟೋನಿನ್ ಹೆಚ್ಚಿಸುವ ಎರಡು ಔಷಧಗಳು ಕೂಡಿದಾಗ, ಸಾಮಾನ್ಯವಾಗಿ 24 ಗಂಟೆಗಳೊಳಗೆ, ಮೈ ಬೆವರುವುದು, ಜ್ವರ, ನಡುಕ, ಕೈಕಾಲು ತಾನಾಗಿ ಎಗರುವುದು, ಭೇದಿ, ಎದೆಬಡಿತದ ವೇಗ, ದಿಗ್ಭ್ರಮೆ ಕಾಣಿಸಿಕೊಳ್ಳಬಹುದು. ಕೆಮ್ಮಿನ ಸಿರಪ್ಪುಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಸಹ ಈ ಸಾಲಿಗೆ ಸೇರಿವೆ. ಬೆಂಜೊಡಯಜೆಪಿನ್‌ಗಳು ಸೆರೊಟೋನಿನ್ ಹೆಚ್ಚಿಸುವುದಿಲ್ಲ; ಆದರೆ ಆತಂಕಕ್ಕೇ ಕೊಡುವ ಬುಸ್ಪಿರೋನ್ ಎಂಬ ಬೇರೆ ಜಾತಿಯ ಮಾತ್ರೆ ಸೆರೊಟೋನಿನ್ ಮೂಲಕವೇ ಕೆಲಸ ಮಾಡುವುದರಿಂದ ಅಲ್ಲಿ ಎಚ್ಚರ ಬೇಕು.

ವಯಸ್ಸಾದವರ ವಿಷಯದಲ್ಲಿ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯ ಜೊತೆ ಖಿನ್ನತೆಯ ಮಾತ್ರೆ ಸೇರಿದರೆ ರಕ್ತದ ಉಪ್ಪಿನಂಶ, ಅಂದರೆ ಸೋಡಿಯಂ, ಇಳಿಯಬಹುದು. ಅಜ್ಜಿ ಇದ್ದಕ್ಕಿದ್ದಂತೆ ಮಂಕಾಗಿ ಮಾತು ತಪ್ಪಿದರೆ ಅದನ್ನು ಮುಪ್ಪಿನ ಮರೆವೆಂದು ತಳ್ಳಿಹಾಕದೆ ಒಂದು ರಕ್ತಪರೀಕ್ಷೆ ಮಾಡಿಸಬೇಕು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಇದೇ ಮಾತ್ರೆಗಳ ಜೊತೆ ಸೇರಿ ಜಠರದಲ್ಲಿ ರಕ್ತಸ್ರಾವದ ಸಂಭವವನ್ನು ಹೆಚ್ಚಿಸುತ್ತವೆ. ಮಲ ಟಾರಿನಂತೆ ಕಪ್ಪಾದರೆ ತಡಮಾಡಬಾರದು.

ನಿಮ್ಮ ವಯಸ್ಸಿನವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಒಂದಿದೆ. ಚಿಕಿತ್ಸೆಯ ಮೊದಲ ವಾರಗಳಲ್ಲಿ, ಪ್ರಮಾಣ ಬದಲಿಸಿದಾಗ, 25 ವರ್ಷದೊಳಗಿನ ಕೆಲವರಲ್ಲಿ ಚಡಪಡಿಕೆ ಹೆಚ್ಚಾಗಿ ಬದುಕು ಬೇಡವೆಂಬ ಯೋಚನೆಗಳು ಬರಬಹುದು. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ ಈ ಎಚ್ಚರಿಕೆಯನ್ನು ಲೇಬಲ್ಲಿನಲ್ಲೇ ಅಚ್ಚುಹಾಕಿಸಿತು. 2007ರಲ್ಲಿ ಅದನ್ನು 24 ವಯಸ್ಸಿನವರೆಗೆ ವಿಸ್ತರಿಸಿತು. ಇದರರ್ಥ ಔಷಧ ಬೇಡವೆಂದಲ್ಲ. ಆ ವಾರಗಳಲ್ಲಿ ಒಬ್ಬರೇ ಇರಬಾರದು, ಮಾತ್ರೆಯ ಡಬ್ಬಿ ಮನೆಯ ಹಿರಿಯರೊಬ್ಬರ ಬಳಿ ಇರಬೇಕು, ಅಂಥ ಯೋಚನೆ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು ಎಂದರ್ಥ. ಸ್ನೇಹಿತನೊಬ್ಬ ಹಾಗೆ ಹೇಳಿಕೊಂಡರೆ ‘ಯಾರಿಗೂ ಹೇಳಬೇಡ’ ಎಂಬ ಅವನ ಮಾತನ್ನು ನಡೆಸಿಕೊಡಬೇಕಾಗಿಲ್ಲ.

ನಿಲ್ಲಿಸುವುದು ಹೇಗೆ?

ಇಷ್ಟನ್ನು ಓದಿ ಯಾರಾದರೂ ಇಂದೇ ಮಾತ್ರೆಗಳನ್ನು ತಿಪ್ಪೆಗೆಸೆದರೆ ಈ ಲೇಖನ ಬರೆದದ್ದೇ ಅನರ್ಥವಾಗುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡ ಬೆಂಜೊಡಯಜೆಪಿನ್ ಅನ್ನು ಒಮ್ಮೆಗೇ ನಿಲ್ಲಿಸಿದರೆ ನಿದ್ದೆ ಹೋಗುತ್ತದೆ, ಆತಂಕ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಆಲ್ಪ್ರಜೋಲಾಮ್‌ನಂತೆ ಬೇಗ ಕರಗುವ ಮಾತ್ರೆಗಳಲ್ಲಿ ಇದು ಇನ್ನೂ ತೀವ್ರ. ಖಿನ್ನತೆಯ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ವಿದ್ಯುತ್ತು ಹರಿದಂಥ ಅನುಭವ ಉಂಟಾಗುತ್ತದೆ. ಜೋಡಿ ಮಾತ್ರೆ ಬಿಟ್ಟವರಿಗೆ ಎರಡೂ ಒಟ್ಟಿಗೆ. ಊರಹಬ್ಬಕ್ಕೆಂದು ಹೋಗಿ ಡಬ್ಬಿ ಮರೆತುಬಂದವರಿಗೆ ಮೂರನೆಯ ದಿನ ಆಗುವುದು ಸಾಮಾನ್ಯವಾಗಿ ಇದೇ. ಇದನ್ನು ಕಂಡು ‘ಮಾತ್ರೆ ಇಲ್ಲದೆ ಬದುಕಲಾರರು’ ಎಂದು ಜನ ತೀರ್ಮಾನಿಸುತ್ತಾರೆ. ವೈದ್ಯರ ಮೇಲ್ವಿಚಾರಣೆಯಲ್ಲಿ ವಾರಕ್ಕಿಷ್ಟು ಎಂದು ಸ್ವಲ್ಪಸ್ವಲ್ಪವೇ ಇಳಿಸಿದರೆ ಬಹಳ ಮಂದಿ ಯಾವ ತೊಂದರೆಯೂ ಇಲ್ಲದೆ ಹೊರಬರುತ್ತಾರೆ.

ಔಷಧದ ಭಯಕ್ಕಿಂತ ಚಿಕಿತ್ಸೆಯ ಕೊರತೆ ನಮ್ಮಲ್ಲಿ ದೊಡ್ಡದು ಎಂಬುದನ್ನೂ ಹೇಳದೆ ಬಿಡಬಾರದು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಪ್ರತಿ 20 ವಯಸ್ಕರಲ್ಲಿ ಒಬ್ಬರು ಎಂದಾದರೊಮ್ಮೆ ಖಿನ್ನತೆಗೆ ಒಳಗಾದವರು. ಖಿನ್ನತೆಯುಳ್ಳವರಲ್ಲಿ ಸುಮಾರು ಶೇಕಡಾ 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಹಾಗಾದರೆ ನೀವು ಮಾಡಬಹುದಾದದ್ದೇನು? ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಡಬ್ಬಿಯನ್ನು ಸುರಿದು ಪ್ರತಿಯೊಂದು ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿರುವ ಕಂಪನಿಯ ಹೆಸರನ್ನು ಬಿಟ್ಟು, ಅದರ ಹತ್ತಿರವೇ ಇರುವ ಔಷಧದ ಹೆಸರು ಮತ್ತು ಮಿಲಿಗ್ರಾಮನ್ನು ಬರೆಯಿರಿ. ಹೆಸರಿನ ಕೊನೆ ‘ಜೆಪಾಮ್’ ಅಥವಾ ‘ಜೋಲಾಮ್’ ಎಂದಿದ್ದರೆ ಅದು ಬಹುತೇಕ ಬೆಂಜೊಡಯಜೆಪಿನ್. ಅಂಥವು ಎರಡು ಕಂಡರೆ ಕೆಳಗೆ ಗೆರೆ ಎಳೆಯಿರಿ. ಯಾರು ಬರೆದುಕೊಟ್ಟದ್ದು, ಎಂದಿನಿಂದ, ರಾತ್ರಿ ಎಷ್ಟು ಹೊತ್ತಿಗೆ ಎಂಬುದನ್ನೂ ಸೇರಿಸಿ. ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು, ನಾಟಿ ಔಷಧ ಯಾವುದನ್ನೂ ಬಿಡಬೇಡಿ. ಮನೆಯಲ್ಲಿ ಯಾರಿಗಾದರೂ ಕುಡಿಯುವ ಅಭ್ಯಾಸವಿದ್ದರೆ ವೈದ್ಯರಿಗೆ ಅದನ್ನು ಹೇಳಲು ಸಂಕೋಚ ಬೇಡ. ಆ ಹಾಳೆಯನ್ನು ಗಡಿಯ ಈಚೆಗಾಗಲಿ ಆಚೆಗಾಗಲಿ ಯಾವ ವೈದ್ಯರಲ್ಲಿಗೆ ಹೋದರೂ ಮೊದಲು ಮೇಜಿನ ಮೇಲಿಡಿ. ಮಾತ್ರೆ ಕಡಿಮೆ ಮಾಡುವುದು, ಬದಲಿಸುವುದು ಅವರ ಕೆಲಸ. ನಿಮ್ಮದು ಪಟ್ಟಿ ಒದಗಿಸುವುದು.

ಔಷಧದಂಗಡಿಯವರು ಚೀಟಿ ಕೇಳಿದರೆ ಸಿಡುಕಬೇಡಿ. ಆಲ್ಪ್ರಜೋಲಾಮ್, ಡಯಾಜೆಪಾಮ್ ಮುಂತಾದವು 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯಲ್ಲಿವೆ. ಇವನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂಬುದು ನಿಯಮ. ಈ ಮಾತ್ರೆಗಳ ಲೇಬಲ್ಲಿನಲ್ಲಿ ಕೆಂಪು ಚೌಕದೊಳಗೆ ಎಚ್ಚರಿಕೆ ಇರುವುದು ಅದಕ್ಕೇ.

ಬೆಂಗಳೂರಿಗೆ ಹೋಗಿಬರಲು ಆಗದವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆಂದು ಮುಳಬಾಗಿಲಿನಲ್ಲೇ ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸಂಖ್ಯೆ 14416. ಹಗಲು ರಾತ್ರಿ, ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗುವುದು, ಫಿಟ್ಸ್, ಜ್ವರದೊಂದಿಗೆ ಕೈಕಾಲು ಎಗರುವುದು, ಇವುಗಳಲ್ಲಿ ಯಾವುದು ಕಂಡರೂ ಪಟ್ಟಿ ಬರೆಯುತ್ತಾ ಕೂರದೆ ಡಬ್ಬಿಯಲ್ಲಿರುವುದನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡು 108ಕ್ಕೆ ಕರೆ ಮಾಡಿ.